ನಳ ರಿಪೇರಿಯೂ ಸುಶಿಕ್ಷಿತರೂ

ಕಳೆದ ಚಳಿಗಾಲದಲ್ಲಿ ನಮ್ಮ ಹೊಸಪೇಟೆಯ ಸಭೆಯೊಂದರಲ್ಲಿ ವಿಜಯನಗರದ ಅರಸರ ಜಲವ್ಯವಸ್ಥೆಯನ್ನು ಕುರಿತು ಉಪನ್ಯಾಸವೊಂದು ನಡೆಯಿತು. ಉಪನ್ಯಾಸಕರು ವಿದ್ವಾಂಸರು, ವಿಷಯವೂ ದೊಡ್ಡದು. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆಗಳ ವರ್ಣನೆಯನ್ನು ಕೇಳಿ ನಾವೆಲ್ಲರೂ ತಲೆದೂಗಿದೆವು. ಪೂರ್ವಿಕರ ಕೈಚಳಕವನ್ನು ನೆನೆದು ಎದೆಯುಬ್ಬಿಸಿದೆವು. ಉಪಾಹಾರವಾದ ಮೇಲೆ ಕೈ ತೊಳೆಯಲು ಅಂಗಳದ ನಳದ ಬಳಿಗೆ ಹೋದೆವು. ಆ ನಳ ನಿಲ್ಲದೆ ಸುರಿಯುತ್ತಿದ್ದಿತು. ಮೊದಲು ಹೋದವರು ಅದನ್ನು ಬಲವಾಗಿ ತಿರುಗಿಸಿದರು. ಎರಡನೆಯವರು ಇನ್ನೂ ಬಲವಾಗಿ ತಿರುಗಿಸಿದರು. ಮೂರನೆಯವರು ತಿರುಗಿಸಿದಾಗ ಹಿಡಿಯೇ ಕಿತ್ತು ಕೈಗೆ ಬಂದಿತು. ಅಲ್ಲಿ ನಿಂತಿದ್ದವರಲ್ಲಿ ಇಬ್ಬರು ವಿಜ್ಞಾನದ ಅಧ್ಯಾಪಕರು, ಒಬ್ಬರು ವಕೀಲರು, ಒಬ್ಬರು ನಿವೃತ್ತ ಅಧಿಕಾರಿಗಳು. ಐದನೆಯವನು ಈ ಲೇಖಕ. ಐವರೂ ನೀರಿನ ಕಡೆಗೆ ನೋಡಿದೆವು. ಬಳಿಕ ಒಬ್ಬರ ಮುಖವನ್ನೊಬ್ಬರು ನೋಡಿದೆವು. ನಾಳೆ ಯಾರನ್ನಾದರೂ ಕರೆಸಿದರಾಯಿತೆಂದು ನಿಶ್ಚಯಿಸಿ, ನಳದ ಕೆಳಗೊಂದು ಬಕೆಟ್ಟನ್ನಿಟ್ಟು, ಮನೆಗಳಿಗೆ ತೆರಳಿದೆವು.

ಈ ಲೇಖನದ ವಿಷಯ ಆ ಬಕೆಟ್ಟೇ ಆಗಿದೆ. ವಿಜಯನಗರದ ಕಾಲುವೆಗಳನ್ನು ಹೊಗಳುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಐದಾರು ಶತಮಾನಗಳ ಹಿಂದಿನ ತೂಬಿನ ರಚನೆಯನ್ನು ವಿವರಿಸಬಲ್ಲವನು ತನ್ನ ಬಚ್ಚಲಿನ ನಳದೊಳಗೆ ಏನಿದೆಯೆಂಬುದನ್ನು ಅರಿಯದಿದ್ದರೆ ಅವನ ಅಭಿಮಾನ ಬಾಯಿಮಾತಿನದೆಂದೇ ಹೇಳಬೇಕಾಗುತ್ತದೆ. ಮನೆಯ ನೀರು, ಬಿಸಿನೀರು, ಬಚ್ಚಲು ಇವುಗಳ ಸಣ್ಣ ದುರಸ್ತಿಗಳನ್ನು ಮನೆಯವರೇ ಮಾಡಿಕೊಳ್ಳತಕ್ಕದ್ದು. ದೊಡ್ಡ ದುರಸ್ತಿಗಳನ್ನು ಬಲ್ಲವರಿಂದ ಮಾಡಿಸುವಾಗಲೂ ಅಲ್ಲಿ ನಡೆಯುತ್ತಿರುವುದೇನೆಂಬುದು ಮನೆಯವರಿಗೆ ತಿಳಿದಿರತಕ್ಕದ್ದು. ಇದು ನನ್ನ ವಾದ. ಈ ವಾದವನ್ನು ಹೂಡುತ್ತಿರುವವನು ಐವತ್ತು ವರ್ಷಗಳ ಕಾಲ ಪಾನಾ ಮುಟ್ಟದೆ ಬದುಕಿದವನೆಂಬುದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಾಚಕರು ಬೈಯುವುದಾದರೆ ನನ್ನಿಂದಲೇ ಆರಂಭಿಸಬಹುದು.

ಆ ನಳಕ್ಕೆ ಬಂದಿದ್ದ ರೋಗವಾದರೂ ಏನು? ತಿರುಗಿಸಿ ಮುಚ್ಚುವ ನಳದೊಳಗೆ ತಿರುಪಿನ ಕಡ್ಡಿಯೊಂದಿರುತ್ತದೆ. ಅದರ ತುದಿಯಲ್ಲಿ ರಬ್ಬರಿನ ಒಂದು ಸಣ್ಣ ಬಿಲ್ಲೆ, ಅದೇ ವಾಷರು. ಹಿಡಿಯನ್ನು ತಿರುಗಿಸಿದರೆ ಈ ಬಿಲ್ಲೆ ಕೆಳಗಿಳಿದು ಹಿತ್ತಾಳೆಯ ಪೀಠದ ಮೇಲೆ ಕುಳಿತು ನೀರನ್ನು ತಡೆಯುತ್ತದೆ. ನಮ್ಮ ಸೀಮೆಯ ಕೊಳವೆಬಾವಿಯ ನೀರು ಬಹುಪಾಲು ಗಡಸು. ಅದರ ಸುಣ್ಣ ಪೀಠದ ಮೇಲೆ ಕಟ್ಟಿಕೊಳ್ಳುತ್ತದೆ, ರಬ್ಬರು ಸವೆಯುತ್ತದೆ, ಹನಿ ಆರಂಭವಾಗುತ್ತದೆ. ಹನಿ ಕಂಡೊಡನೆ ನಾವು ಮಾಡುವುದು ಒಂದೇ ಚಿಕಿತ್ಸೆ: ಇನ್ನೂ ಬಿಗಿಯಾಗಿ ತಿರುಗಿಸುವುದು. ಅದರಿಂದ ಸವೆದ ರಬ್ಬರು ಪೂರ್ತಿ ಹರಿಯುತ್ತದೆ, ಪೀಠಕ್ಕೆ ಗಾಯವಾಗುತ್ತದೆ. ಮಾಡಬೇಕಾದುದು ಇಷ್ಟೇ: ಆ ಕವಲಿನ ವಾಲ್ವನ್ನು ಮುಚ್ಚಿ, ನಳವನ್ನು ತೆರೆದು ಒಳಗಿನ ನೀರನ್ನು ಬಿಟ್ಟು, ಪಾನಾ ಹಾಕಿ ಮೇಲಿನ ಭಾಗವನ್ನು ಬಿಚ್ಚಿ, ಹಳೆಯ ಬಿಲ್ಲೆಯನ್ನು ತೆಗೆದು ಹೊಸದನ್ನು ಕೂರಿಸಿ, ಮತ್ತೆ ಕಟ್ಟುವುದು. ಈಚಿನ ಕಾಲು ಸುತ್ತಿನ ನಳಗಳಲ್ಲಿ ರಬ್ಬರಿನ ಬದಲು ಪಿಂಗಾಣಿಯ ಎರಡು ತಟ್ಟೆಗಳಿರುತ್ತವೆ. ಅಲ್ಲಿ ಒಳಗಿನ ಗಟ್ಟಿಯನ್ನೇ ಇಡಿಯಾಗಿ ಬದಲಿಸಬೇಕು. ಎರಡೂ ಅರ್ಧ ಗಂಟೆಯ ಕೆಲಸ. ಅಂಗಡಿಯಲ್ಲಿ ವಾಷರಿನ ಬೆಲೆ ಒಂದು ಲೋಟ ಚಹದ ಬೆಲೆಯನ್ನು ಮೀರದು.

ಹನಿಯೆಂದು ಉಪೇಕ್ಷಿಸುವವರಿಗೆ ಒಂದು ಲೆಕ್ಕವನ್ನು ಒಪ್ಪಿಸುತ್ತೇನೆ. ನಮ್ಮ ಮನೆಯ ಹಿತ್ತಿಲ ನಳ ಹನಿಯುತ್ತಿದ್ದಾಗ ಅದರ ಕೆಳಗೆ 200 ಮಿಲಿಲೀಟರಿನ ಲೋಟವನ್ನಿಟ್ಟು ಗಡಿಯಾರ ನೋಡುತ್ತ ಕುಳಿತೆ. ಹತ್ತು ನಿಮಿಷಕ್ಕೆ ಲೋಟ ತುಂಬಿತು. ಎಂದರೆ ದಿನವೊಂದಕ್ಕೆ 28 ಲೀಟರಿಗೂ ಮಿಕ್ಕಿ, ತಿಂಗಳಿಗೆ 864 ಲೀಟರು, ವರ್ಷಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು. ಬೇಸಗೆಯಲ್ಲಿ ನೀರು ಬರುವ ಹೊತ್ತನ್ನು ಕಾಯುತ್ತ ಕೊಡಗಳನ್ನು ಸಾಲಿಗಿಡುವ ಹೆಂಗಸರು ನಮ್ಮ ಪಕ್ಕದ ಓಣಿಯಲ್ಲೇ ಇದ್ದಾರೆ. ಅವರ ಮುಂದೆ ಈ ಲೆಕ್ಕವನ್ನು ಓದಿ ಹೇಳುವ ಧೈರ್ಯ ನನಗಾಗಲಿಲ್ಲ.

ಈ ಅಜ್ಞಾನ ನಮಗೆ ವಂಶಪಾರಂಪರ್ಯವಾಗಿ ಬಂದುದೆಂದು ಯಾರೂ ಹೇಳಲಾರರು. ನನ್ನ ಬಾಲ್ಯದ ಮನೆ ಈ ಸೀಮೆಯ ಮೇಲ್ಮುದ್ದೆ ಮಾಳಿಗೆಯ ಮನೆ. ಮಳೆಗಾಲಕ್ಕೆ ಮುಂಚೆ ತಂದೆಯವರೂ ಚಿಕ್ಕಪ್ಪನವರೂ ತಾವೇ ಮಾಳಿಗೆ ಹತ್ತಿ, ಸವಳು ಮಣ್ಣನ್ನು ಹರಡಿ, ತುಳಿದು, ಬಡಿದು, ನೀರು ಹರಿಯುವ ಓಟವನ್ನು ಸರಿಮಾಡುತ್ತಿದ್ದರು. ತಂದೆಯವರು ಶಾಲೆಯ ಉಪಾಧ್ಯಾಯರು. ಮಾಳಿಗೆಯ ಮಣ್ಣು ಅವರ ಪದವಿಗೆ ಕುಂದು ತಂದುದನ್ನು ನಾನು ಕಾಣೆ. ಬಚ್ಚಲಿನಲ್ಲಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ್ದರು. ಅದಕ್ಕೆ ಬಳ್ಳಾರಿ ಜಾಲಿಯ ಕಟ್ಟಿಗೆ, ಹತ್ತಿಯ ಕಡ್ಡಿ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅವ್ವ ಆ ಹಂಡೆಯ ಒಳಗಿನ ಸುಣ್ಣವನ್ನು ಕೆರೆದು, ಹೊರಗಿನ ಮಸಿಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಒಲೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಹಂಡೆಯ ಕೊರಳಿಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೊಸ ನೀರು ತುಂಬುತ್ತಿದ್ದಳು. ನಾವು ಅದನ್ನು ಹಬ್ಬವೆಂದು ಕರೆಯುತ್ತಿದ್ದೆವು. ಈಗ ವಿಚಾರಿಸಿದರೆ ಅದು ಬಿಸಿನೀರಿನ ಯಂತ್ರದ ವಾರ್ಷಿಕ ತಪಾಸಣೆಯಲ್ಲದೆ ಮತ್ತೇನು? ಇಂದು ಹಬ್ಬ ಉಳಿದಿದೆ; ಗೀಸರಿಗೆ ಅರಿಸಿನ ಕುಂಕುಮ ಹಚ್ಚುತ್ತೇವೆ. ಅದರ ಒಳಗಿನ ಸುಣ್ಣವನ್ನು ಕೆರೆಯುವ ಭಾಗ ಮಾತ್ರ ಬಿಟ್ಟುಹೋಗಿದೆ. ಮಹಾನವಮಿಯ ಸಂಗತಿಯೂ ಹಾಗೆಯೇ. ಮಹಾನವಮಿ ದಿಬ್ಬದ ನೆರೆಯವರಾದ ನಾವು ಆಯುಧಪೂಜೆಯ ದಿನ ಕಾರಿಗೂ ಕಂಪ್ಯೂಟರಿಗೂ ಹೂವೇರಿಸುತ್ತೇವೆ. ತಿರುಪುಳಿಯೊಂದನ್ನು ಪೂಜೆಗಿಡೋಣವೆಂದರೆ ಮನೆಯಲ್ಲಿ ತಿರುಪುಳಿಯೇ ಇಲ್ಲ.

ಹೀಗೇಕಾಯಿತೆಂದು ಕೇಳಿದರೆ ದೊರೆಯುವ ಉತ್ತರಗಳಲ್ಲಿ ಮೊದಲನೆಯದು ಬಾಯಿಬಿಟ್ಟು ಆಡದ ಉತ್ತರ. ಕಲಿತವರು ಕೈ ಕೊಳೆ ಮಾಡಿಕೊಳ್ಳುವುದೇ? ಕಾಯಕದ ಮಹಿಮೆಯನ್ನು ವೇದಿಕೆಯ ಮೇಲೆ ಗಂಟೆಗಟ್ಟಲೆ ಕೊಂಡಾಡುವ ನಾವು, ಬಚ್ಚಲಿನ ಜಾಲರಿಗೆ ಸಿಕ್ಕಿಕೊಂಡ ಸ್ವಂತ ಕೂದಲನ್ನು ತೆಗೆಯಲು ಇನ್ನೊಬ್ಬರನ್ನು ಕರೆಯುತ್ತೇವೆ. ಆ ಇನ್ನೊಬ್ಬರು ಯಾವ ಕೇರಿಯವರೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ವಾಚಕರಿಗೆ ತಿಳಿದೇ ಇದೆ. ಹೇಸಿಗೆಯೆಂಬುದು ನಮ್ಮಲ್ಲಿ ಮೂಗಿನ ವಿಷಯವಷ್ಟೇ ಅಲ್ಲ, ಹುಟ್ಟಿನ ವಿಷಯವೂ ಆಗಿದೆ. ನಳ ರಿಪೇರಿಯ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹಂಪೆಯ ಅರಮನೆಯ ಆವರಣದಲ್ಲಿ ಮೆಟ್ಟಿಲ ಪುಷ್ಕರಣಿಯೊಂದಿದೆ. ಮಣ್ಣಿನಡಿ ಹೂತಿದ್ದ ಅದು 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ನೀರು ತರುತ್ತಿದ್ದ, ಕಲ್ಲಿನ ಕಂಬಗಳ ಮೇಲಿನ ಕಲ್ಲಿನ ದೋಣಿಯನ್ನೂ, ಅಲ್ಲಲ್ಲಿ ಕಾಣುವ ಸುಟ್ಟ ಮಣ್ಣಿನ ಕೊಳವೆಗಳನ್ನೂ ಪ್ರವಾಸಿಗಳು ನೋಡಿ ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಆ ಪುಷ್ಕರಣಿಯ ಕರಿಯ ಕಲ್ಲುಗಳನ್ನು ಹತ್ತಿರದಿಂದ ನೋಡಿದವರಿಗೆ ಅವುಗಳ ಮೇಲೆ ಕೊರೆದ ಗುರುತುಗಳು ಕಾಣುತ್ತವೆ. ಯಾವ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಲ್ಲಿ ಕೂರತಕ್ಕದ್ದು ಎಂಬುದನ್ನು ಕಟ್ಟಿದವರು ಹೀಗೆ ಬರೆದಿಟ್ಟಿದ್ದಾರೆ. ಕಟ್ಟುವವನ ಅನುಕೂಲಕ್ಕಾಗಿ ಮಾಡಿದ ಈ ಗುರುತುಗಳು ಮುಂದೆ ಬಿಚ್ಚಿ ಸರಿಪಡಿಸಬೇಕಾದವನಿಗೂ ದಾರಿ ತೋರಿಸುತ್ತವೆ. ನಮ್ಮ ಹೊಸ ಮನೆಗಳನ್ನು ನೋಡಿ. ಗೋಡೆಯೊಳಗೆ ಕೊಳವೆ ಎಲ್ಲಿ ಹಾದುಹೋಗಿದೆಯೆಂಬುದು ಕಟ್ಟಿದವನಿಗೆ ಮರೆತಿದೆ, ಕಟ್ಟಿಸಿದವನಿಗೆ ಗೊತ್ತೇ ಇಲ್ಲ. ಮಾಳಿಗೆಯ ಮೇಲಿನ ಟಾಕಿಯ ಬುಡದಲ್ಲಿ ನಾಲ್ಕೈದು ವಾಲ್ವುಗಳಿರುತ್ತವೆ. ಯಾವುದು ಅಡಿಗೆಮನೆಯದು, ಯಾವುದು ಬಚ್ಚಲಿನದು ಎಂಬುದನ್ನು ಬಣ್ಣದ ಒಂದು ಗೆರೆಯಿಂದ ಗುರುತಿಸಿಟ್ಟ ಮನೆಯನ್ನು ನಾನು ಊರಿನಲ್ಲಿ ಎರಡಕ್ಕಿಂತ ಹೆಚ್ಚು ಕಂಡಿಲ್ಲ. ಕೊಳವೆ ಒಡೆದ ರಾತ್ರಿ ಮನೆಮಂದಿಯೆಲ್ಲ ಮಾಳಿಗೆ ಹತ್ತಿ ಕೈಗೆ ಸಿಕ್ಕ ವಾಲ್ವನ್ನು ತಿರುಗಿಸುತ್ತಾರೆ. ಅಷ್ಟರಲ್ಲಿ ಟಾಕಿ ಬರಿದಾಗಿರುತ್ತದೆ.

ಎರಡನೆಯ ಉತ್ತರ ಕರುಣೆಯ ವೇಷ ಧರಿಸಿ ಬರುತ್ತದೆ. ನಮ್ಮ ಕೆಲಸವನ್ನು ನಾವೇ ಮಾಡಿಕೊಂಡರೆ ಬಡವನ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ಈ ಮಿತ್ರರು ಪ್ಲಂಬರನ ಕೂಲಿಯಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಲು ಕಾಲು ಗಂಟೆ ವಾದಿಸುವುದನ್ನು ನಾನೇ ಕೇಳಿದ್ದೇನೆ, ಅದಿರಲಿ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಬಡಾವಣೆಗಳೂ ವಸತಿಗೃಹಗಳೂ ಏಳುತ್ತಿರುವಾಗ ಕಸಬು ಬಲ್ಲ ಪ್ಲಂಬರನಿಗೆ ದಿನವಿಡೀ ಕೆಲಸವಿದೆ. ಒಂದು ವಾಷರಿಗಾಗಿ ಬೆಳಗಿನ ಕೂಲಿಯನ್ನು ಬಿಟ್ಟು ನಮ್ಮ ಮನೆಗೆ ಬಂದರೆ ಅವನಿಗೆ ನಷ್ಟವೇ. ಆದುದರಿಂದಲೇ ಅವನು ನಾಳೆ ಬರುತ್ತೇನೆನ್ನುತ್ತಾನೆ, ಬರುವುದಿಲ್ಲ. ನಾವು ಅವನನ್ನು ಸುಳ್ಳನೆನ್ನುತ್ತೇವೆ. ಅವನ ಕಸಬಿಗೆ ನಿಜವಾದ ಮನ್ನಣೆ ದೊರೆಯುವುದು ಕೆಲಸದ ಕಷ್ಟವನ್ನು ಒಮ್ಮೆ ಕೈಯಾರೆ ಅನುಭವಿಸಿದವನಿಂದಲೇ. ಕೊಳವೆಯ ತಿರುಪಿಗೆ ಬಿಳಿಯ ಟೇಪನ್ನು ಸುತ್ತುವ ದಿಕ್ಕು ತಪ್ಪಿ, ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದವನು ಮುಂದೆ ಕೂಲಿಯ ಚೌಕಾಸಿಗೆ ಬಾಯಿ ತೆರೆಯಲಾರ. ನಾನು ತೆರೆಯುತ್ತಿಲ್ಲ.

ಅರಿಯದವನು ಕೂಲಿ ಕೊಟ್ಟು ಕೊಳ್ಳುವುದು ಅಪಾಯವನ್ನೇ ಆಗಿರಬಹುದೆಂಬುದಕ್ಕೆ ನನ್ನ ಮನೆಯಲ್ಲಿ ನಡೆದುದನ್ನೇ ಹೇಳುತ್ತೇನೆ. ನಮ್ಮಲ್ಲಿ 25 ಲೀಟರಿನ ಗೀಸರೊಂದಿದೆ. ಅದರ ಕೆಳಗಿನ ಸಣ್ಣ ಹಿತ್ತಾಳೆಯ ಬಾಯಿಂದ ಆಗಾಗ ಹನಿ ಬೀಳುತ್ತಿದ್ದಿತು. ಗೋಡೆ ಪಾಚಿಗಟ್ಟಿತೆಂದು ಮನೆಯವರು ದೂರಿದರು. ನಾನು ಒಬ್ಬನನ್ನು ಕರೆಸಿ, ಏನಾದರೂ ಮಾಡಿ ಆ ಹನಿಯನ್ನು ನಿಲ್ಲಿಸೆಂದು ಹೇಳಿದೆ. ಅವನು ಆ ಬಾಯಿಗೆ ಒಂದು ಮುಚ್ಚಳವನ್ನು ಬಿಗಿದು ಹೋದನು. ಹನಿ ನಿಂತಿತು, ನನಗೆ ಬಹಳ ಸಂತೋಷವಾಯಿತು. ಎರಡು ತಿಂಗಳಾದ ಮೇಲೆ ಗೀಸರು ಹಾಕಿದಾಗಲೆಲ್ಲ ಒಳಗಿನಿಂದ ಗುಡುಗುಡು ಸದ್ದು ಬರತೊಡಗಿತು. ಹಳೆಯದಾಯಿತು, ಸದ್ದು ಮಾಡುತ್ತದೆ ಎಂದುಕೊಂಡೆವು.

ಆ ದಿನಗಳಲ್ಲಿ ಸಂಡೂರಿನಿಂದ ನನ್ನ ಸೋದರ ಸೊಸೆ ಬಂದಳು. ಡಿಪ್ಲೊಮಾ ಓದುತ್ತಿರುವ ಹುಡುಗಿ. ಸ್ನಾನಕ್ಕೆಂದು ಹೋದವಳು ಗೀಸರನ್ನು ಆರಿಸಿ ಹೊರಗೆ ಬಂದಳು.

"ಮಾವ, ಅದರ ಬಾಯಿ ಯಾರು ಮುಚ್ಚಿದ್ದು?" ಎಂದು ಕೇಳಿದಳು.

"ನಾನೇ ಮುಚ್ಚಿಸಿದೆನಮ್ಮ. ಹನಿ ಬೀಳುತ್ತಿತ್ತು."

"ಹನಿ ಬೀಳಲಿ ಅಂತಲೇ ಅದನ್ನು ಇಟ್ಟಿರೋದು, ಮಾವ."

ಅವಳು ವಿವರಿಸಿದುದನ್ನು ನಾನು ಬಳಿಕ ಪುಸ್ತಕದಲ್ಲಿಯೂ ನೋಡಿದೆ. ನೀರು ಕಾದರೆ ಹಿಗ್ಗುತ್ತದೆ. 25 ಡಿಗ್ರಿಯ 25 ಲೀಟರು ನೀರು 60 ಡಿಗ್ರಿಗೆ ಕಾಯುವ ಹೊತ್ತಿಗೆ ಸುಮಾರು ಮೂರೂವರೆ ನೂರು ಮಿಲಿಲೀಟರಿನಷ್ಟು ಹೆಚ್ಚಾಗುತ್ತದೆ. ಒಳಬರುವ ಕೊಳವೆಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯಿದ್ದರೆ ಆ ಹೆಚ್ಚಳ ಹೊರಬೀಳಲು ಉಳಿದ ದಾರಿ ಆ ಸಣ್ಣ ಬಾಯಿಯೊಂದೇ. ಅದೇ ಒತ್ತಡವನ್ನು ಬಿಡುವ ವಾಲ್ವು. ಕಾವು ಮಿತಿಗೆ ಬಂದಾಗ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟ್ ಎಂಬ ಉಪಕರಣವೊಂದುಂಟು. ಅದು ಕೆಟ್ಟು, ಬಾಯಿಯೂ ಮುಚ್ಚಿದ್ದರೆ, ಒಳಗಿನ ನೀರು 100 ಡಿಗ್ರಿಯನ್ನು ದಾಟಿಯೂ ಒತ್ತಡದಿಂದ ನೀರಾಗಿಯೇ ಕಾಯುತ್ತ ಹೋಗುತ್ತದೆ. ಪಾತ್ರೆ ಸೀಳಿದ ಕ್ಷಣದಲ್ಲಿ ಅದರಲ್ಲೊಂದು ಪಾಲು ಥಟ್ಟನೆ ಆವಿಯಾಗುತ್ತದೆ. ಆವಿಗೆ ಬೇಕಾಗುವ ಸ್ಥಳ ನೀರಿನ ಸ್ಥಳಕ್ಕಿಂತ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು. ಬಚ್ಚಲಿನ ಗೋಡೆ ಅದನ್ನು ತಡೆಯಲಾರದು. ಒಳಗೆ ನಿಂತವರ ಮಾತನ್ನು ಬರೆಯುವುದೇ ಬೇಡ. ಮರುದಿನ ಬಲ್ಲವರನ್ನು ಕರೆಸಿ ಬಿಚ್ಚಿಸಿದೆವು. ಥರ್ಮೋಸ್ಟಾಟ್ ಕೆಟ್ಟೇ ಇದ್ದಿತು. ಒಳಗಿನಿಂದ ಎರಡು ಬೊಗಸೆ ಸುಣ್ಣದ ಚಕ್ಕೆ ಬಿದ್ದಿತು. ಆ ಗುಡುಗುಡು ಸದ್ದು ಅದರ ಕೆಳಗೆ ಕುದಿಯುತ್ತಿದ್ದ ನೀರಿನದು. ತುಕ್ಕು ಪಾತ್ರೆಯನ್ನು ಹಿಡಿಯದಿರಲೆಂದು ತಾನು ಕರಗಿ ಪಾತ್ರೆಯನ್ನು ಉಳಿಸುವ ಮೆಗ್ನೀಸಿಯಂ ದಂಡವೊಂದು ಒಳಗಿರುತ್ತದೆ. ಗಡಸು ನೀರಿನ ಊರಿನಲ್ಲಿ ಅದನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನೋಡಿ ಬದಲಿಸಬೇಕು. ನಮ್ಮದು ಪೂರ್ತಿ ಕರಗಿ ತಂತಿಯಷ್ಟೇ ಉಳಿದಿದ್ದಿತು.

ಮುಚ್ಚಳ ಬಿಗಿದವನನ್ನು ಬೈಯಲು ನನಗೆ ಬಾಯಿಲ್ಲ. ನಾನು ಕೇಳಿದುದು ಹನಿಯನ್ನು ನಿಲ್ಲಿಸೆಂದು, ಅವನು ನಿಲ್ಲಿಸಿದನು. ಆ ಹನಿ ಏತಕ್ಕೆಂದು ಕೇಳುವಷ್ಟು ತಿಳಿವಳಿಕೆ ಇಬ್ಬರಲ್ಲಿ ಒಬ್ಬನಿಗಿದ್ದರೂ ಸಾಕಾಗಿದ್ದಿತು, ಮತ್ತು ಇಬ್ಬರಲ್ಲಿ ಹೆಚ್ಚು ಓದಿದವನು ನಾನು. ಎರಡು ತಿಂಗಳ ಕಾಲ ನನ್ನ ಮನೆಯವರು, ಮಕ್ಕಳು, ಎಂಬತ್ತು ದಾಟಿದ ಅವ್ವ ಆ ಪಾತ್ರೆಯ ಕೆಳಗೆ ನಿಂತು ಸ್ನಾನ ಮಾಡಿದರು.

ಇಷ್ಟು ಹೇಳಿದುದನ್ನು ಕೇಳಿ ಎಲ್ಲವನ್ನೂ ಎಲ್ಲರೂ ಬಿಚ್ಚತೊಡಗಲಿ ಎಂಬುದು ನನ್ನ ಅಭಿಪ್ರಾಯವೆಂದು ಯಾರೂ ಭಾವಿಸಬಾರದು. ಕೆಲವು ಕಡೆ ಕೈಯಿಡದಿರುವುದೇ ಅರಿವು. ಗೀಸರಿನ ಒಳಗಣ ವಿದ್ಯುತ್ತಿನ ಜೋಡಣೆ, ಭೂಸಂಪರ್ಕದ ತಂತಿ ಇವು ಬಲ್ಲವರ ಕೆಲಸ. ನಾವು ಮಾಡಬೇಕಾದುದು ಭೂಸಂಪರ್ಕ ಇದೆಯೇ ಎಂದು ಕೇಳುವುದು, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಮನೆಯಲ್ಲಿದೆಯೇ ಎಂದು ನೋಡಿಸುವುದು. ಬಕೆಟ್ಟಿಗೆ ಇಳಿಬಿಡುವ ಕಾಯಿಲನ್ನು ಹಾಕಿಟ್ಟು, ನೀರು ಕಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಅದನ್ನು ಇಂದೇ ಬಿಡಬೇಕು. ಗ್ಯಾಸಿನ ಗೀಸರನ್ನು ಕಿಟಕಿಯಿಲ್ಲದ ಬಚ್ಚಲಿನಲ್ಲಿ ಹಚ್ಚಿ, ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡಿಗೆ ಸಿಕ್ಕಿ ಪ್ರಾಣಬಿಟ್ಟವರ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬಂದಿದೆ. ಆ ಯಂತ್ರ ಬಚ್ಚಲಿನ ಹೊರಗಿರತಕ್ಕದ್ದು. ಮಲದ ಗುಂಡಿಗಂತೂ ಮನೆಯವನೂ ಇಳಿಯಬಾರದು, ಬೇರೆ ಯಾರನ್ನೂ ಇಳಿಸಬಾರದು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಅದಕ್ಕೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಆದರೂ ಕತ್ತಲಾದ ಮೇಲೆ ಗೊತ್ತಾಗದಂತೆ ಕರೆಸಿ ಇಳಿಸುವ ಸುಶಿಕ್ಷಿತರಿದ್ದಾರೆ. ಯಂತ್ರದ ವಾಹನವನ್ನು ತರಿಸಲು ತಗಲುವ ಹಣದ ಎದುರಿಗೆ ಅವರು ತೂಗುತ್ತಿರುವುದು ಏನನ್ನೆಂಬುದನ್ನು ಅವರೇ ಹೇಳಲಿ.

ದುರಸ್ತಿಯೆಂಬುದು ಬಡಮನೆಯ ವ್ಯವಹಾರ, ದೊಡ್ಡವರ ಲಕ್ಷ್ಯಕ್ಕೆ ಯೋಗ್ಯವಲ್ಲವೆನ್ನುವವರು ನಮ್ಮ ಅಣೆಕಟ್ಟೆಯ ಕಡೆಗಾದರೂ ನೋಡಬೇಕು. 1953ರಿಂದ ನೀರು ಹಿಡಿದು ನಿಂತಿರುವ ತುಂಗಭದ್ರೆಯ ಕಟ್ಟೆಗೆ 33 ಕ್ರಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಅವುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ, ಕೆಳಗೆ ಕಂಪ್ಲಿಯಿಂದಾಚೆಗೂ ನದಿಯ ದಂಡೆಯ ಜನ, ಬೆಳೆಗಾಗಿ ಕಾದಿದ್ದ ನೀರು ನದಿಗೆ ಹರಿದುಹೋಗುತ್ತಿದ್ದಿತು. ಆ ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಆಗ ಬಂದವರು ನಿವೃತ್ತ ಗೇಟುತಜ್ಞರಾದ ಕನ್ನಯ್ಯ ನಾಯ್ಡು ಅವರು. ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡತಡೆಗಳು ಈ ಸೀಮೆಯಲ್ಲೇ ಸಿದ್ಧವಾಗಿ, ಹರಿಯುತ್ತಿದ್ದ ನೀರಿನಲ್ಲೇ ಒಂದರ ಮೇಲೊಂದರಂತೆ ಇಳಿದು, ಆಗಸ್ಟ್ 17ರ ಹೊತ್ತಿಗೆ ಆ ಬಾಯಿ ಮುಚ್ಚಿತು. ಇಡೀ ಊರು ಆ ಕೆಲಸಗಾರರನ್ನು ಕೊಂಡಾಡಿತು, ಕೊಂಡಾಡಬೇಕಾದುದೇ. ಕಟ್ಟೆಯ ಬಳಿಗೆ ಹೋಗಿ ಅದನ್ನು ನೋಡಿ ಬಂದವರಲ್ಲಿ ನಾನೂ ಒಬ್ಬ. ಮನೆಗೆ ಬಂದು ಕೈ ತೊಳೆದು ನಳವನ್ನು ಮುಚ್ಚಿದೆ, ಅದು ಮುಚ್ಚಲಿಲ್ಲ. ಒಂದು ಕೊಂಡಿ ಕೆಟ್ಟುದರಿಂದ ಉಳಿದ ಗೇಟುಗಳ ಮೇಲೂ ನಂಬಿಕೆ ಸಡಿಲವಾಗಿ, 2025ರ ಮಳೆಗಾಲದಲ್ಲಿ 105 ಟಿಎಂಸಿ ಹಿಡಿಯಬಲ್ಲ ಜಲಾಶಯದಲ್ಲಿ 80 ಟಿಎಂಸಿಗೆ ಮಿತಿಯಿಟ್ಟರು. ಇದರ ಪರಿಣಾಮವನ್ನು ಕಂಪ್ಲಿಯ ಗದ್ದೆಯವರನ್ನು ಕೇಳಬೇಕು.

ಕಂಪ್ಲಿಯಲ್ಲಿ ನನ್ನ ಷಡ್ಡಕರಿದ್ದಾರೆ. ಬತ್ತ, ಬಾಳೆ ಬೆಳೆಯುವವರು. ಓದು ನನಗಿಂತ ಬಹಳ ಕಡಿಮೆ. ಅವರ ಮನೆಯ ಪಡಸಾಲೆಯ ಮೂಲೆಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದಿದೆ. ದೊಡ್ಡದೊಂದು ಸಣ್ಣದೊಂದು ಪಾನಾ, ಎರಡು ತಿರುಪುಳಿ, ಇಕ್ಕಳ, ಬಿಳಿಯ ಟೇಪು, ಅಳತೆಗೊಂದರಂತೆ ವಾಷರು, ಸೈಕಲ್ಲಿನ ಹಳೆಯ ಟ್ಯೂಬಿನ ತುಂಡು. ಇದೆಲ್ಲ ಏಕೆ ಕಲಿತಿರಿ ಎಂದು ಒಮ್ಮೆ ಕೇಳಿದೆ. "ರಾತ್ರಿ ಹತ್ತು ಗಂಟೆಗೆ ಗದ್ದೆಯ ಪಂಪು ನಿಂತರೆ ನಾನು ಯಾರನ್ನ ಕರೀಲಿ, ಅಣ್ಣಾ?" ಎಂದರು. ಕಾಲುವೆಯ ನೀರನ್ನು ನೀರಗಂಟಿ ಹಂಚಿದರೂ ತಮ್ಮ ಹೊಲದ ಬಾಯಿಯ ಹೂಳನ್ನು ತಾವೇ ತೆಗೆದುಕೊಂಡ ಜನರ ಮನೆಯ ಮಾತು ಅದು. ಕೆಲಸ ಕೈಗೆ ಅಂಟಿಕೊಂಡಿರುವವರೆಗೂ ಅದಕ್ಕೆ ಮರ್ಯಾದೆಯ ಪ್ರಶ್ನೆ ಹತ್ತಿರ ಸುಳಿಯುವುದಿಲ್ಲ.

ಅಲ್ಲಿ ಕಲಿತ ಒಂದೆರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೇಸಗೆಯ ರಜೆಯಲ್ಲಿ ತಿಂಗಳು ಕಾಲ ಮನೆ ಬೀಗ ಹಾಕಿ ಬಂದರೆ ಬಚ್ಚಲು ನಾರುತ್ತದೆ. ಒಡನೆಯೇ ನೆಲ ಒಡೆಸುವ ಮಾತು ಹೊರಡುತ್ತದೆ. ಬಚ್ಚಲಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ಗಾಳಿ ಮೇಲೆ ಬಾರದಂತೆ ತಡೆಯುವುದು ಆ ನೀರೇ. ನಮ್ಮ ಊರಿನ ಬಿಸಿಲಿಗೆ ಅದು ಆರಿಹೋಗಿರುತ್ತದೆ. ಒಂದು ತಂಬಿಗೆ ನೀರು ಸುರಿದರೆ ವಾಸನೆ ನಿಲ್ಲುತ್ತದೆ. ಶವರಿನ ತೂತುಗಳು ಸುಣ್ಣದಿಂದ ಕಟ್ಟಿಕೊಂಡರೆ ಅದನ್ನು ಬಿಚ್ಚಿ, ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ರಾತ್ರಿಯೆಲ್ಲ ನೆನೆಯಿಟ್ಟರೆ ಸಾಕು. ಹೊಸದನ್ನು ಕೊಳ್ಳುವಂತೆ ಹೇಳುವ ಅಂಗಡಿಯವನು ಇದನ್ನು ಹೇಳುವುದಿಲ್ಲ.

ಇನ್ನು ಕೆಲವರು, ಈಗಿನ ವಸ್ತುಗಳನ್ನು ಬಿಚ್ಚಲಾಗದಂತೆಯೇ ಮಾಡಿರುವರು, ಕಲಿತು ಪ್ರಯೋಜನವೇನೆನ್ನುತ್ತಾರೆ. ಈ ಮಾತಿನಲ್ಲಿ ಸತ್ಯವುಂಟು. ಬಿಡಿ ಭಾಗಗಳೂ ದುರಸ್ತಿಯ ವಿವರಗಳೂ ಕೊಂಡವರಿಗೆ ದೊರೆಯಲೆಂದು ಭಾರತ ಸರಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ತೆರೆಯಿತು. ಆದರೆ ಪಾನಾ ಹಿಡಿಯಲು ಬಾರದವನಿಗೆ ದುರಸ್ತಿಯ ಹಕ್ಕು ದೊರೆತರೂ ಅವನು ಅದನ್ನು ಎಲ್ಲಿಟ್ಟುಕೊಳ್ಳುವನು?

ಈ ವಿದ್ಯೆಯನ್ನು ಗಂಡುಮಕ್ಕಳಿಗೆ ಮಾತ್ರ ಕಲಿಸಿದರಾಗದು. ನಳ ಕೆಟ್ಟ ದಿನ ಕೊಡ ಹೊರುವವಳು, ಗೀಸರು ಕೆಟ್ಟ ದಿನ ಅಡಿಗೆಮನೆಯಿಂದ ಬಚ್ಚಲಿಗೆ ಕುದಿನೀರು ಹೊತ್ತು ನಡೆಯುವವಳು ಮನೆಯ ಹೆಂಗಸು. ಕಷ್ಟ ಅವಳದು, ಕರೆಸುವ ಅಧಿಕಾರ ಗಂಡಸಿನದು, ಅವನಿಗೆ ಬಿಡುವಿಲ್ಲ. ಸಂಡೂರಿನ ಗುಡ್ಡಗಳ ಅದಿರು ದೇಶವಿದೇಶಗಳಿಗೆ ಹೋಗುತ್ತಿದೆ, ಅದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕು ಹರಿಯುತ್ತಿದೆ. ಕಬ್ಬಿಣದ ಈ ಸೀಮೆಯ ಹೆಣ್ಣುಮಗಳ ಕೈಗೆ ಕಬ್ಬಿಣದ ಒಂದು ಪಾನಾ ಕೊಡಲು ನಾವು ಹಿಂಜರಿಯುತ್ತೇವೆ. ನನ್ನ ಮನೆಯವರ ಪ್ರಾಣ ಉಳಿದುದು ಅಂಥ ಒಬ್ಬಳಿಗೆ ಅದನ್ನು ಕೊಟ್ಟಿದ್ದುದರಿಂದ. ಶಾಲೆಗಳಲ್ಲಿ ಹಿಂದೆ ಕೈಕಸಬಿನ ಗಂಟೆಯೊಂದಿದ್ದಿತು. ಅದನ್ನು ಪರೀಕ್ಷೆಯ ಗಂಟೆಗಳು ನುಂಗಿದುವು. ಶಾಲೆ ಕಲಿಸುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲೇ ಸೋರುವ ನಳವಿದೆ.

ಸಭೆಯ ಅಂಗಳದ ಆ ನಳದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಮರುದಿನ ಯಾರೂ ಯಾರನ್ನೂ ಕರೆಸಲಿಲ್ಲ. ಬಕೆಟ್ಟು ತುಂಬಿ ಹರಿದು, ಅಂಗಳದ ಮೂಲೆಯಲ್ಲಿ ಕೆಸರಾಗಿ, ಕೆಸರಿನಲ್ಲಿ ಹುಲ್ಲು ಹುಟ್ಟಿತು. ಹನ್ನೊಂದನೆಯ ದಿನ ನಾನು ಪಾನಾ, ಹೊಸ ಹಿಡಿ ಮತ್ತು ವಾಷರುಗಳೊಡನೆ ಹೋದೆ. ವಾಲ್ವನ್ನು ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಅದು ತುಳಸಿಯ ಕಟ್ಟೆಯ ಹಿಂದೆ ಮಣ್ಣಿನಲ್ಲಿ ಹೂತಿದ್ದಿತು. ಮೊದಲ ಸಲ ತಪ್ಪು ಅಳತೆಯ ವಾಷರು ಹಾಕಿದೆ. ಎರಡನೆಯ ಸಲ ಅಂಗಿ ಪೂರ್ತಿ ಒದ್ದೆಯಾಯಿತು. ಮೂರನೆಯ ಸಲ ನೀರು ನಿಂತಿತು. ವಾಲ್ವಿನ ಸುತ್ತಲ ಮಣ್ಣನ್ನು ಸರಿಸಿ, ನಾಲ್ಕು ಇಟ್ಟಿಗೆಯಿಟ್ಟು, ಅದರ ತಲೆಗೆ ಕೆಂಪು ಬಣ್ಣ ಬಳಿದು ಬಂದಿದ್ದೇನೆ. ಹಿಂಬದಿಯ ನಳವೂ ಹನಿಯುತ್ತಿದೆ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಪಾನಾ ಕಾವಲುಗಾರನ ಕೋಣೆಯ ಗೂಟಕ್ಕೆ ತೂಗುಹಾಕಿದೆ, ಸರಿಯಾದ ಅಳತೆಯ ವಾಷರು ಅದರ ಪಕ್ಕದ ಕಾಗದದ ಪೊಟ್ಟಣದಲ್ಲಿದೆ. ಅಂದು ನನ್ನ ಜೊತೆಯಲ್ಲಿ ನಿಂತಿದ್ದ ನಾಲ್ವರು ಮಹನೀಯರೂ ಈ ಪತ್ರಿಕೆಯ ಚಂದಾದಾರರು.